ಬೆಲ್ಲದ ಹಾಳೆಗೆ ಬಹುಮಾನ ಕೊಡದ ಮೇಷ್ಟ್ರ ಪತ್ರ

ಹನಕೆರೆ ಮತ್ತು ಸುತ್ತಮುತ್ತಲ ಊರುಗಳ ಹೈಸ್ಕೂಲು ಮಕ್ಕಳ ಅಪ್ಪ ಅವ್ವಂದಿರಿಗೆ,

ನಿಮ್ಮಲ್ಲಿ ಕೆಲವರಿಗೆ ನನ್ನ ಗುರುತಿದೆ. ಒಂದಿಬ್ಬರಿಗೆ ನಾನೇ ಬ್ಲೇಡಿನಲ್ಲಿ ಪೆನ್ಸಿಲ್ ಮೊನೆ ಮಾಡಿಕೊಟ್ಟವನು, ಒಂದಿಬ್ಬರ ಕಿವಿ ಹಿಂಡಿದವನು. ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾಗಿ ವರ್ಷಗಳಾದವು. ಈಗ ಯಾರಾದರೂ ಕರೆದರೆ ಹೋಗಿ ಬಹುಮಾನ ಹಂಚಿ ಬರುವುದೇ ಕೆಲಸ. ಹಾಗೆ ಹೋದಾಗ ಒಂದು ತಪ್ಪು ಮಾಡಿದೆ. ಅದನ್ನು ಒಪ್ಪಿಕೊಳ್ಳಬೇಕು, ಅದರಲ್ಲಿ ನಿಮ್ಮ ಪಾಲೂ ಸ್ವಲ್ಪ ಇದೆ, ಅದನ್ನೂ ಹೇಳಬೇಕು. ಅದಕ್ಕೇ ಈ ಕಾಗದ.

ಹೋದ ಸಂಕ್ರಾಂತಿ ಕಳೆದ ಮೇಲೆ ನಮ್ಮ ಸುತ್ತಿನ ಒಂದು ಹೈಸ್ಕೂಲಿನಲ್ಲಿ ಮಕ್ಕಳು ಮಾಡಿದ ಚಿತ್ರ, ಮಾದರಿಗಳ ಪ್ರದರ್ಶನ ಇಟ್ಟಿದ್ದರು. ನಾನು ತೀರ್ಪುಗಾರ. ಬೆಂಚುಗಳನ್ನು ಸಾಲಾಗಿ ಜೋಡಿಸಿ, ಮೇಲೆ ಹಳೇ ಸೀರೆ ಹಾಸಿದ್ದರು. ಸೀರೆಯ ಮೇಲೆ ಹೊಗೆಯಾಡುವ ಜ್ವಾಲಾಮುಖಿ, ಮಳೆನೀರು ಕೊಯ್ಲು, ಸೌರಮಂಡಲ, ಗಾಳಿಯಂತ್ರ. ಎಲ್ಲವೂ ಥರ್ಮೋಕೋಲ್. ಅದೇ ಹಸಿರು ಸ್ಪಂಜಿನ ಮರ, ಅದೇ ಮಿನುಗು ಕಾಗದದ ಹೊಳೆ. ಮಂಡ್ಯದ ಸ್ಟೇಷನರಿ ಅಂಗಡಿಗಳಲ್ಲಿ ಈ ಸಾಮಾನೆಲ್ಲ ಒಂದೇ ಕವರಿನಲ್ಲಿ ಸಿಗುತ್ತದೆ. ಹೇಳಿದರೆ ಅವರೇ ಅಂಟಿಸಿಯೂ ಕೊಡುತ್ತಾರೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದುಡ್ಡು ಕೊಟ್ಟವರು ನೀವು.

ಬೆಂಚಿನ ಕೊನೆಯಲ್ಲಿ, ಕಿಟಕಿ ಪಕ್ಕ, ಒಂದು ಡ್ರಾಯಿಂಗ್ ಶೀಟು ಇತ್ತು. ಅದರ ಮೇಲೆ ಒಂಬತ್ತು ಚೌಕ. ಮೊದಲನೆಯದು ತಿಳಿ ಗೋಧಿ ಬಣ್ಣ. ಅಲ್ಲಿಂದ ಒಂದೊಂದಾಗಿ ಗಾಢವಾಗುತ್ತ ಹೋಗಿ ಒಂಬತ್ತನೆಯದು ಹುರಿದ ಕಾಫಿಬೀಜದ ಬಣ್ಣ. ಅಂಚುಗಳು ನೆಟ್ಟಗಿರಲಿಲ್ಲ, ಎರಡು ಕಡೆ ಸೋರಿತ್ತು, ಹಾಳೆ ಸೊಟ್ಟಗಾಗಿತ್ತು. ಮುಟ್ಟಿದರೆ ಬೆರಳಿಗೆ ಅಂಟು. ‘ಏನಪ್ಪ ಇದು, ಕೊಳಕು ಮಾಡ್ಕೊಂಡಿದ್ದೀಯ’ ಎಂದೆ. ಹುಡುಗ ‘ಬೆಲ್ಲ ಸಾ’ ಎಂದ. ನಾನು ನಕ್ಕು ಮುಂದೆ ಹೋದೆ. ಮೊದಲ ಬಹುಮಾನ ಜ್ವಾಲಾಮುಖಿಗೆ ಕೊಟ್ಟೆ.

ರಾತ್ರಿ ಊಟ ಮಾಡಿ ಕೈ ತೊಳೆಯುವಾಗ ಆ ಅಂಟು ನೆನಪಾಯಿತು. ಬೆಳಗ್ಗೆ ಎದ್ದವನೇ ಸ್ಕೂಲಿಗೆ ಹೋದೆ. ಹೆಡ್‌ಮಾಸ್ಟರ ರೂಮಿನ ಮೂಲೆಯಲ್ಲಿ ಹಾಳೆಗಳ ರಾಶಿ ಬಿದ್ದಿತ್ತು, ಕೇಳಿ ತೆಗೆದುಕೊಂಡು ಬಂದೆ. ಬಿಸಿಲಲ್ಲಿ ಹಿಡಿದು ನೋಡಿದೆ. ಒಂದೊಂದು ಚೌಕದ ಕೆಳಗೂ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದ: ಹೈಡ್ರೋಸ್ ಜಾಸ್ತಿ. ಹೈಡ್ರೋಸ್ ಕಮ್ಮಿ. ಬರೀ ಸುಣ್ಣ. ಬೆಂಡೆ ಲೋಳೆ. ಕೂಳೆ ಕಬ್ಬು. ತಳ ಹತ್ತಿದ್ದು. ಕೊನೆಯ ಚೌಕಕ್ಕೆ, ಅಜ್ಜಿ ಡಬ್ಬದ್ದು. ಪಕ್ಕದಲ್ಲಿ ಮಂಡಿಯಲ್ಲಿ ಯಾವುದಕ್ಕೆ ರೇಟು ಜಾಸ್ತಿ, ಯಾವುದಕ್ಕೆ ಕಮ್ಮಿ ಎಂದು ಬಾಣದ ಗುರುತು. ಬಾಣ ಬಿಳಿಯ ಕಡೆಗೆ ಮೇಲಕ್ಕಿತ್ತು, ಕಪ್ಪಿನ ಕಡೆಗೆ ಕೆಳಕ್ಕಿತ್ತು.

ನಿಮ್ಮಲ್ಲಿ ಆಲೆಮನೆ ಇಟ್ಟವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆ ತೆಗೆಯಲು ಹಿಂದೆ ಬೆಂಡೆಗಿಡದ ಲೋಳೆ ಹಾಕುತ್ತಿದ್ದರು. ಈಗ ಬಣ್ಣ ಬಿಳುಪಾಗಲೆಂದು ಹೈಡ್ರೋಸ್ ಎಂಬ, ಗಂಧಕ ಸೇರಿದ ಪುಡಿ ಹಾಕುವವರಿದ್ದಾರೆ. ಬಿಳಿ ಬೆಲ್ಲಕ್ಕೆ ಗಿರಾಕಿ ಜಾಸ್ತಿ. ನಾಲಗೆ ಬೇರೆ ಹೇಳಿದರೂ ಕಣ್ಣು ಬಿಳಿಯದನ್ನೇ ಆರಿಸುತ್ತದೆ. ಆ ಹುಡುಗ ಹಾಳೆಯ ಮೇಲೆ ಹಿಡಿದದ್ದು ಇದನ್ನೇ. ಚಿತ್ರಕಲೆಯಲ್ಲಿ ಛಾಯೆ ಎನ್ನುತ್ತೇವೆ: ಒಂದು ಬಣ್ಣ ತಿಳಿಯಿಂದ ಗಾಢಕ್ಕೆ ಹೋಗುವ ಹಾದಿ. ನಾನು ಅಷ್ಟು ವರ್ಷ ಛಾಯೆ ಕಲಿಸಿದ್ದು ಕಪ್ಪು ಪೋಸ್ಟರ್ ಕಲರಿಗೆ ಬಿಳಿ ಬೆರೆಸಿ, ಒಂಬತ್ತು ಮನೆ ತುಂಬಿಸಿ. ಮಕ್ಕಳು ತುಂಬುತ್ತಿದ್ದರು, ಮಾರ್ಕ್ಸ್ ತೆಗೆಯುತ್ತಿದ್ದರು, ಮರೆಯುತ್ತಿದ್ದರು. ಈ ಹುಡುಗ ಅದೇ ಒಂಬತ್ತು ಮನೆಯಲ್ಲಿ ಅಪ್ಪನ ಬದುಕಿನ ಲೆಕ್ಕ ಬರೆದಿದ್ದಾನೆ. ಅದನ್ನು ನಾನು ಕೊಳಕು ಎಂದೆ.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಸೂತ್ರ ಎಂಬ ಭಾಗವಿದೆ. ಗುರುಗಳು ಮೆಚ್ಚುವುದು ರೇಖೆಯನ್ನು, ಬಲ್ಲವರು ಮೆಚ್ಚುವುದು ನೆರಳುಬೆಳಕನ್ನು, ಉಳಿದ ಜನ ಮೆಚ್ಚುವುದು ಬಣ್ಣದ ಸಿರಿಯನ್ನು ಎಂದು ಅದರಲ್ಲಿ ಹೇಳಿದೆ. ಆ ದಿನ ಗುರುವಿನ ಕುರ್ಚಿಯಲ್ಲಿ ಕೂತು ನಾನು ಉಳಿದ ಜನರ ಸಾಲಿಗೆ ಸೇರಿದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ಡಿಜೈನ್ ಎಂದರೆ ನಮ್ಮಲ್ಲಿ ಸೀರೆ ಅಂಚು, ಗೇಟಿನ ಕಂಬಿ, ಹುಟ್ಟುಹಬ್ಬದ ಫ್ಲೆಕ್ಸು. ‘ಡಿಜೈನ್ ಚೆನ್ನಾಗೈತೆ’ ಎಂದರೆ ಮೇಲೆ ಏನೋ ಅಂದವಾಗಿ ಅಂಟಿಸಿದೆ ಎಂದರ್ಥ. 1958ರಲ್ಲಿ ಭಾರತ ಸರ್ಕಾರ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ಗಂಡಹೆಂಡಿರನ್ನು ಕರೆಸಿ, ನಮ್ಮ ದೇಶಕ್ಕೆ ಎಂಥ ವಿನ್ಯಾಸ ಶಿಕ್ಷಣ ಬೇಕು ಎಂದು ಕೇಳಿತು. ಊರೂರು ತಿರುಗಿದ ಅವರು ತಮ್ಮ ವರದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಿ ಬರೆದದ್ದು ನಮ್ಮ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಸೊಂಟದಲ್ಲಿಟ್ಟರೆ ಹೇಗೆ ಕೂರಬೇಕು, ತಲೆ ಮೇಲಿಟ್ಟರೆ ಭಾರ ಎಲ್ಲಿ ನಿಲ್ಲಬೇಕು, ಬಗ್ಗಿಸಿದರೆ ಧಾರೆ ಹೇಗೆ ಬೀಳಬೇಕು, ಒಳಗೆ ಕೈ ಹಾಕಿ ತಿಕ್ಕಲು ಆಗುತ್ತದೆಯೇ, ಹಳೆಯದಾದ ಮೇಲೆ ಲೋಹಕ್ಕೆ ಬೆಲೆ ಇದೆಯೇ ಎಂದು ಪ್ರಶ್ನೆಗಳ ಸಾಲು ಮಾಡಿ, ಇದನ್ನು ಒಬ್ಬ ಮನುಷ್ಯ ಕೂತು ಮಾಡಿದ್ದಲ್ಲ, ತಲೆತಲಾಂತರದ ಕೈಗಳು ತೀಡಿದ್ದು ಎಂದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಇವತ್ತು ಅಲ್ಲಿ ಸೀಟು ಸಿಗಲು ದೊಡ್ಡ ಪರೀಕ್ಷೆ ಬರೆಯಬೇಕು. ಚೊಂಬು ಮಾತ್ರ ಇನ್ನೂ ನಿಮ್ಮ ಬಚ್ಚಲಲ್ಲೇ ಇದೆ.

ರೇಖೆ, ಆಕಾರ, ಘನರೂಪ, ಛಾಯೆ, ಬಣ್ಣ, ಮೈವಳಿಕೆ, ಅವಕಾಶ. ನಾವು ಬೋರ್ಡಿನ ಮೇಲೆ ಬರೆಸುವ ವಿನ್ಯಾಸದ ಮೂಲಾಂಶಗಳು ಇವು. ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಆಮೇಲೆ ಚಿತ್ರ ಬರೆಯಿರಿ ಎಂದರೆ ಎಲ್ಲರೂ ಒಂದೇ ಚಿತ್ರ ಬರೆಯುತ್ತಾರೆ: ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಬೆಟ್ಟದಿಂದ ಇಳಿಯುವ ಹೊಳೆ, ದಡದಲ್ಲಿ ಗುಡಿಸಲು, ಒಂದು ತೆಂಗಿನಮರ, ವಿ ಆಕಾರದ ನಾಲ್ಕು ಹಕ್ಕಿ. ಹನಕೆರೆಯ ಏರಿ ಮೇಲೆ ನಿಂತು ನಾಲ್ಕು ದಿಕ್ಕಿಗೂ ನೋಡಿ. ಅಂಥ ಬೆಟ್ಟ ಎಲ್ಲಿದೆ? ಕಬ್ಬಿದೆ, ಗದ್ದೆ ಇದೆ, ನಾಲೆ ಇದೆ, ರೈಲು ಇದೆ. ಬೆಟ್ಟಸೂರ್ಯ ಕಲಿಸಿದ್ದು ನಾವು ಮೇಷ್ಟ್ರುಗಳೇ. ನಾನೂ ಕಲಿಸಿದ್ದೇನೆ, ಇನ್‌ಸ್ಪೆಕ್ಟರ್ ಬರುವ ದಿನ ಗೋಡೆಗೆ ಹಚ್ಚಲು ಅದಕ್ಕಿಂತ ಸುಲಭದ್ದು ಇರಲಿಲ್ಲ.

ರೇಖೆ ಕಲಿಯಲು ನಮ್ಮ ಮಕ್ಕಳು ಎಲ್ಲಿಗೂ ಹೋಗಬೇಕಿಲ್ಲ. ಹಳ್ಳಿಕಾರ್ ಎತ್ತಿನ ಕೊಂಬು ನೋಡಿ. ಬುಡದಲ್ಲಿ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಓರೆಯಾಗಿ ನೆಟ್ಟಗೆ ಸಾಗಿ, ಆಮೇಲೆ ನಿಧಾನವಾಗಿ ಮುಂದಕ್ಕೆ ತಿರುಗಿ, ಮೊನೆ ಒಳಕ್ಕೆ ಬಾಗುತ್ತದೆ. ಕೈ ಎತ್ತದೆ ಒಂದೇ ಎಳೆಯಲ್ಲಿ ಅದನ್ನು ಬರೆಯಲು ಬಂದ ಮಗುವಿಗೆ ರೇಖೆ ದಕ್ಕಿತು. ಜಾತ್ರೆಯಲ್ಲಿ ಎತ್ತು ಕೊಳ್ಳುವ ನೀವು ಆ ರೇಖೆ ನೋಡಿಯೇ ಬೆಲೆ ಕಟ್ಟುತ್ತೀರಿ. ಅಂದರೆ ನೀವೂ ಒಂದು ತರದಲ್ಲಿ ಡ್ರಾಯಿಂಗ್ ಪರೀಕ್ಷಕರೇ. ಉಡುಪಿ ಕಡೆಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ದೊಡ್ಡ ಕಲಾವಿದರಾದ ಮೇಲೂ ಜನ ನೆನೆಯುವುದು ಅವರ ಗೆರೆಗಳನ್ನು. ನಾಲ್ಕು ಗೆರೆಯಲ್ಲಿ ಕುಣಿಯುವವನ ಸೊಂಟ, ಕಾಲು, ತಾಳ ಎಲ್ಲ ಬಂದುಬಿಡುತ್ತಿತ್ತು.

ರಂಗೋಲಿಯನ್ನು ಅವ್ವಂದಿರಿಗೆ ನಾನು ಹೇಳಿಕೊಡಬೇಕೇ? ಆದರೂ ಒಂದು ಮಾತು. ಏಳು ಚುಕ್ಕಿ ಇಟ್ಟು, ಮೇಲಕ್ಕೂ ಕೆಳಕ್ಕೂ ಸಂದಿಗೆ ಸಂದಿಗೆ ಚುಕ್ಕಿ ಇಡುತ್ತ ನಾಲ್ಕಕ್ಕೆ ನಿಲ್ಲಿಸುತ್ತೀರಲ್ಲ, ಒಟ್ಟು ಎಷ್ಟು ಚುಕ್ಕಿ ಆಯಿತು? ನಾಲ್ಕು, ಐದು, ಆರು, ಏಳು, ಆರು, ಐದು, ನಾಲ್ಕು: 37. ಆರು ಮೂಲೆಯ ಆಕಾರ ತಾನಾಗಿ ನಿಂತಿತು. ಅಳತೆಪಟ್ಟಿ ಇಲ್ಲ, ಕೈವಾರ ಇಲ್ಲ, ಇನ್ನೂ ಬೆಳಕು ಹರಿದಿಲ್ಲ, ಬೆನ್ನು ಬಗ್ಗಿದೆ, ಒಳಗೆ ಒಲೆ ಮೇಲೆ ಹಾಲಿದೆ. ‘ಡ್ರಾಯಿಂಗ್‌ನಲ್ಲಿ ಏನೈತೆ ಮೇಷ್ಟ್ರೇ, ಆ ಪೀರಿಯಡ್ ಗಣಿತಕ್ಕೆ ಕೊಡಿ’ ಎಂದು ಪೋಷಕರ ಸಭೆಯಲ್ಲಿ ಎದ್ದು ನಿಂತು ಹೇಳಿದವರ ಮನೆಯ ಅಂಗಳದಲ್ಲೇ ಈ ಗಣಿತ ದಿನಾ ಬೆಳಗ್ಗೆ ಅಳಿಸಿಹೋಗುತ್ತದೆ.

ಗಣಿತದ ಮಾತು ಬಂದದ್ದರಿಂದ ಇನ್ನೊಂದು. ಟೂರಿಗೆಂದು ಮಕ್ಕಳನ್ನು ಸೋಮನಾಥಪುರಕ್ಕೆ ಕರೆದೊಯ್ಯುತ್ತಾರೆ. ಮಳವಳ್ಳಿ ದಾಟಿದರೆ ದೂರವೇನಲ್ಲ. ಹದಿಮೂರನೇ ಶತಮಾನದಲ್ಲಿ ಕಟ್ಟಿದ ಗುಡಿ. ಗುಂಪು ಫೋಟೋ ತೆಗೆಸಿಕೊಂಡು ಚುರುಮುರಿ ತಿಂದು ಬರುತ್ತಾರೆ. ಅಲ್ಲಿಯ ಮೂರು ಗರ್ಭಗುಡಿಗಳ ತಳ ಹದಿನಾರು ಮೂಲೆಯ ನಕ್ಷತ್ರ. ಆ ನಕ್ಷತ್ರವನ್ನು ಹಾಳೆಯಲ್ಲಿ ತರುವುದು ಹೇಗೆ? ಒಂದು ಚೌಕ ಬರೆಯಿರಿ. ನಟ್ಟನಡುವೆ ಗುಂಡುಸೂಜಿ ಚುಚ್ಚಿ ಅದೇ ಚೌಕವನ್ನು ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸಿ ತಿರುಗಿಸಿ ಒಟ್ಟು ನಾಲ್ಕು ಸಲ ಬರೆಯಿರಿ. ನಾಲ್ಕು ಚೌಕದ ಹದಿನಾರು ಮೂಲೆ ಹೊರಗೆ ಚಾಚಿಕೊಂಡವು, ನಕ್ಷತ್ರವಾಯಿತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹಳೇ ಮದುವೆ ಕಾಗದಗಳಿಂದ ನಾಲ್ಕು ಚೌಕ ಕತ್ತರಿಸಿ, ಒಂದರ ಮೇಲೊಂದು ಇಟ್ಟು ತಿರುಗಿಸಿ ನನಗೆ ತೋರಿಸಿದಾಗ, ಎಷ್ಟೋ ವರ್ಷ ಆ ಗುಡಿ ಸುತ್ತಿದ್ದ ನನಗೆ ಅದರ ತಳ ಮೊದಲ ಸಲ ಕಂಡಿತು. ಆ ಹುಡುಗಿ ಯಾವ ಬಹುಮಾನಕ್ಕೂ ನಿಂತಿರಲಿಲ್ಲ.

ಇನ್ನು ಘನರೂಪ. ಇದಕ್ಕೆ ನಮ್ಮ ಕಡೆ ಉದಾಹರಣೆಗಳು ತಿಂದು ಮುಗಿಯುವುದಿಲ್ಲ. ಮದ್ದೂರು ಸ್ಟೇಷನ್ನಿನಲ್ಲಿ 1917ರ ಸುಮಾರಿನಲ್ಲಿ ರಾಮಚಂದ್ರ ಬುಧ್ಯ ಎಂಬುವರು ತಿಂಡಿ ಮಾರುತ್ತಿದ್ದರಂತೆ. ಒಂದು ದಿನ ರೈಲು ಬರುವ ಹೊತ್ತಾಯಿತು, ಪಕೋಡ ಉಂಡೆಗಳನ್ನು ಕರಿಯಲು ಪುರುಸೊತ್ತಿಲ್ಲ. ಅದೇ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ ಎಣ್ಣೆಗೆ ಬಿಟ್ಟರು, ಅದೇ ಮದ್ದೂರು ವಡೆಯಾಯಿತು ಎಂದು ಮದ್ದೂರಿನವರು ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಪಾಠವಂತೂ ಗಟ್ಟಿ. ಉಂಡೆಯ ಒಳಗೆ ಬಿಸಿ ಹೋಗಲು ಹೊತ್ತು ಬೇಕು, ಚಪ್ಪಟೆಯಾದದ್ದು ಬೇಗ ಬೇಯುತ್ತದೆ. ವಡೆಗೆ ಆ ರೂಪ ಕೊಟ್ಟದ್ದು ರೈಲಿನ ಟೈಮು. ಬೆಲ್ಲವೂ ಹಾಗೇ. ಅಚ್ಚು ಬೆಲ್ಲ, ಕುರಿಕಾಲಚ್ಚು, ಉಂಡೆ, ಬಕೆಟ್ ಬೆಲ್ಲ. ಒಂದೇ ಪಾಕ, ಬೇರೆಬೇರೆ ಅಚ್ಚು, ಬೇರೆಬೇರೆ ಗಿರಾಕಿ. ಪಾಯಸಕ್ಕೆ ಒಂದು ಅಚ್ಚು ಸಾಕಾಗುವ ಮನೆಯವರು ಬಕೆಟ್ ಬೆಲ್ಲ ಕೊಂಡು ಏನು ಮಾಡುತ್ತಾರೆ? ರೂಪದ ಹಿಂದೆ ಕಾರಣ ಇರುತ್ತದೆ ಎಂದು ಮಗುವಿಗೆ ಹೊಳೆಯಿತೆಂದರೆ, ಮುಂದೆ ಅದು ಕುರ್ಚಿ ಮಾಡಲಿ, ಸೇತುವೆ ಕಟ್ಟಲಿ, ಇಂಜೆಕ್ಷನ್ ಸಿರಿಂಜು ಮಾಡಲಿ, ಕೆಲಸ ಕೆಡುವುದಿಲ್ಲ.

ರೂಪ ನೋಡುವವರು ಅದರ ನಡುವಿನ ಖಾಲಿ ಜಾಗವನ್ನೂ ನೋಡಬೇಕು. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯನ್ನು ಪೇಟೆಯವರು ಬನ್ನೂರು ಕುರಿ ಎನ್ನುತ್ತಾರೆ. ತಳಿ ಬಲ್ಲವರು ಕುರಿಯನ್ನು ಹಿಂದಿನಿಂದ ನೋಡಿ ಗುರುತಿಸುತ್ತಾರೆ: ತೊಡೆಗಳ ನಡುವಿನ ಖಾಲಿ ಜಾಗ ಬೋರಲು ಹಾಕಿದ ಇಂಗ್ಲಿಷ್ ಯು ಅಕ್ಷರದಂತಿರಬೇಕು. ಕುರಿ ನೋಡುವವನು ಖಾಲಿ ಜಾಗ ನೋಡುತ್ತಾನೆ! ಇದನ್ನು ಕಲಾಶಾಲೆಗಳಲ್ಲಿ ಪಾಠ ಮಾಡಿ ಕಲಿಸುತ್ತಾರೆ.

ಮೈವಳಿಕೆಯ, ಎಂದರೆ ಮೇಲ್ಮೈಯ ಒರಟು ನುಣುಪಿನ, ಬಗ್ಗೆ ಹೆಚ್ಚು ಬರೆಯುವುದಿಲ್ಲ. ತೆಳ್ಳನೆ ಹಾಳೆಯನ್ನು ಬೇವಿನ ತೊಗಟೆಯ ಮೇಲೋ, ಮೊರದ ಹೆಣಿಗೆಯ ಮೇಲೋ, ಗೋಣಿಚೀಲದ ಮೇಲೋ ಇಟ್ಟು ಒಲೆಯ ಇದ್ದಿಲಿನಿಂದ ಮೆಲ್ಲಗೆ ಉಜ್ಜಿದರೆ ಅದು ತಾನೇ ಮೇಲೆದ್ದು ಬರುತ್ತದೆ. ಒಂದು ಪೈಸೆ ಖರ್ಚಿಲ್ಲ. ಬಟ್ಟೆ ಕೊಳೆಯಾಗುತ್ತದೆ, ಅವ್ವಂದಿರು ಬೈಯುತ್ತಾರೆ, ಅಷ್ಟೇ.

ಬಣ್ಣಕ್ಕೆ ಸಂಕ್ರಾಂತಿಯ ಸಂಜೆ ಸಾಕು. ಎತ್ತುಗಳಿಗೆ ಮೈತುಂಬ ಅರಿಶಿನ, ಕೊಂಬಿಗೆ ಬಣ್ಣ, ಕೊರಳಿಗೆ ಹಾರ, ಎದುರಿಗೆ ಉರಿಯುವ ಹುಲ್ಲು. ಕಿಚ್ಚು ಹಾಯಿಸುವಾಗ ಹಳದಿ ಮೈಯ ಮೇಲೆ ಬೆಂಕಿಯ ಬೆಳಕು ಬಿದ್ದು ಕೇಸರಿಯಾಗುತ್ತದೆ, ನೆರಳಿನ ಭಾಗ ಕಂದುಹಸಿರಿಗೆ ತಿರುಗುತ್ತದೆ. ಇದನ್ನು ನಾನು ಐವತ್ತು ಸಂಕ್ರಾಂತಿ ನೋಡಿದ ಮೇಲೆ ಗಮನಿಸಿದೆ, ಅದೂ ಒಬ್ಬ ಹುಡುಗ ಎತ್ತಿನ ಹೊಟ್ಟೆಗೆ ಹಸಿರು ಬಳಿದಾಗ ‘ಎತ್ತು ಎಲ್ಲಾದ್ರೂ ಹಸಿರಿರುತ್ತೇನ್ಲಾ’ ಎಂದು ಬೈದು, ಮುಂದಿನ ಹಬ್ಬದಲ್ಲಿ ಪರೀಕ್ಷಿಸಲು ಹೋದಾಗ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಕೆಂಪಾಗುತ್ತದಲ್ಲ, ವಿಜ್ಞಾನದ ಮೇಷ್ಟ್ರು ಆಮ್ಲ ಪ್ರತ್ಯಾಮ್ಲ ಹೇಳಿಕೊಡುವುದೂ ಅದರಿಂದಲೇ. ನಮ್ಮ ಪೂಜಾ ಕುಣಿತದ ಬಿದಿರ ಚೌಕಟ್ಟು, ಪಟ ಕುಣಿತದ ಉದ್ದನೆ ಗಳದ ಬಣ್ಣದ ಬಟ್ಟೆಗಳು, ಸೋಮನ ಕುಣಿತದ ದೊಡ್ಡ ಮುಖದ ಕೆಂಪು, ಇವೆಲ್ಲ ಜನಜಂಗುಳಿಯ ಹಿಂದೆ ನಿಂತವನಿಗೂ ಕಾಣುತ್ತವೆ. ಇಲ್ಲಿ ಬಣ್ಣ ಕೂಗಿ ಕರೆಯುವ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಹೇಳಿ, ನನಗೆ ಎಲ್ಲಕ್ಕಿಂತ ಕಷ್ಟವೆನಿಸಿದ ಪಾಠಕ್ಕೆ ಬರುತ್ತೇನೆ. ಅವಕಾಶ, ಎಂದರೆ ಎಡೆ, ಬಿಟ್ಟ ಜಾಗ. ಮಕ್ಕಳು ಹಾಳೆಯಲ್ಲಿ ಖಾಲಿ ಬಿಡುವುದಿಲ್ಲ. ಬಿಟ್ಟರೆ ನಾವು ‘ಇಲ್ಲೊಂದು ಮರ ಹಾಕು’ ಎನ್ನುತ್ತೇವೆ. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ನಮ್ಮ ಮನೆ ಜಗಲಿಗೆ ಬರುತ್ತಿದ್ದ ಏಳೆಂಟು ಮಕ್ಕಳಿಗೆ ‘ನಿಮ್ಮೂರು ಬರೀರಿ, ಮೇಲಿಂದ ಹದ್ದು ನೋಡ್ದಂಗೆ’ ಎಂದೆ. ಒಬ್ಬ ಹುಡುಗ ಮನೆ, ತೋಟ, ಕೆರೆ, ರೈಲು ಹಳಿ, ಕಬ್ಬಿನ ಗದ್ದೆ ಎಲ್ಲವನ್ನೂ ತುಂಬಿ, ಹಾಳೆಯ ನಡುವೆ ಈ ತುದಿಯಿಂದ ಆ ತುದಿಗೆ ಬಿಳಿ ಪಟ್ಟಿ ಬಿಟ್ಟಿದ್ದ. ಬಣ್ಣವಿಲ್ಲ, ಗೆರೆ ಇಲ್ಲ.

‘ಇದ್ಯಾಕ್ಲಾ ಹಿಂಗೇ ಬಿಟ್ಟೆ?’

‘ಅದು ಹೈವೇ ಸಾ. ಅದ್ರ ಮ್ಯಾಲೆ ನಾವ್ ಓಗಂಗಿಲ್ವಲ್ಲ.’

ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರ್ ರಸ್ತೆ. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಇದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದರು. ಆ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರಾಕ್ಟರ್ ಓಡಿಸುವಂತಿಲ್ಲ. ನಮ್ಮ ಮನೆಗಳಲ್ಲಿ ಇರುವ ಗಾಡಿಗಳು ಹೆಚ್ಚುಕಮ್ಮಿ ಇವೇ. ರಸ್ತೆಯ ಬಗ್ಗೆ ಪೇಪರಿನಲ್ಲಿ ಎಷ್ಟೋ ಲೇಖನ ಓದಿದ್ದೆ. ಹನ್ನೆರಡು ವರ್ಷದ ಹುಡುಗ ಏನನ್ನೂ ಬರೆಯದೆ ಎಲ್ಲ ಬರೆದುಬಿಟ್ಟಿದ್ದ. ಸರ್ವಿಸ್ ರೋಡನ್ನು ಮಾತ್ರ ಕಂದು ಬಣ್ಣದಲ್ಲಿ ಒತ್ತಿ ಒತ್ತಿ ತೀಡಿದ್ದ. ಅವನ ಸೈಕಲ್ ಓಡುವುದು ಅಲ್ಲಿ. ಆವತ್ತು ‘ಅಲ್ಲೊಂದು ಕಾರು ಬರಿ’ ಎಂದು ಹೇಳದೆ ಉಳಿದೆನಲ್ಲ, ನನ್ನ ಮೇಷ್ಟ್ರಿಕೆಯಲ್ಲಿ ನಾನು ಹೆಮ್ಮೆಪಡುವ ಕೆಲವೇ ಗಳಿಗೆಗಳಲ್ಲಿ ಅದೂ ಒಂದು.

ಬೆಲ್ಲದ ಹಾಳೆ, ಮದುವೆ ಕಾಗದದ ನಕ್ಷತ್ರ, ಹಸಿರು ಹೊಟ್ಟೆಯ ಎತ್ತು, ಬಿಳಿ ಪಟ್ಟಿ. ಈ ನಾಲ್ಕರಲ್ಲೂ ಮಗು ಮೊದಲು ನೋಡಿದೆ, ಆಮೇಲೆ ಏನು ಇಡಬೇಕು ಏನು ಬಿಡಬೇಕು ಎಂದು ತಾನೇ ಗೊತ್ತುಮಾಡಿದೆ. ಅಂಗಡಿಯ ಜ್ವಾಲಾಮುಖಿಯಲ್ಲಿ ಆ ಎರಡು ಕೆಲಸವನ್ನೂ ಅಂಗಡಿಯವನು ಮಾಡಿದ್ದಾನೆ. ಮಗುವಿಗೆ ಉಳಿದದ್ದು ಬಸ್ಸಿನಲ್ಲಿ ಅದು ಮುರಿಯದಂತೆ ಹಿಡಿದು ತರುವುದು. ನೀವು ಕೆಟ್ಟ ಮನಸ್ಸಿನಿಂದ ಕೊಡಿಸುತ್ತೀರಿ ಎಂದು ನಾನು ಹೇಳುವುದಿಲ್ಲ. ‘ನಮ್ಮ ಮಗ ಯಾರಿಗೂ ಕಮ್ಮಿ ಆಗಬಾರದು’ ಎಂಬ ಆಸೆ. ಹಾಲಿನ ದುಡ್ಡಿನಲ್ಲೋ, ಸಂಘದ ಸಾಲದಲ್ಲೋ ಕೊಡಿಸುತ್ತೀರಿ. ಅದಕ್ಕೇ ಹೊಟ್ಟೆ ಉರಿಯುತ್ತದೆ. ಇನ್ನೂ ಒಂದು ವಿಷಯ ಗೊತ್ತಿರಲಿ: 2022ರ ಜುಲೈ 1ರಿಂದ ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ದೇಶದಲ್ಲೇ ನಿಷೇಧಿಸಿದ್ದಾರೆ. ಪರಿಸರ ಉಳಿಸಿ ಎಂಬ ಮಾದರಿಯನ್ನೂ ಅದರಲ್ಲೇ ಮಾಡಿಸಿದ್ದನ್ನು ನಾನೇ ಕಣ್ಣಾರೆ ಕಂಡೆ.

ಡ್ರಾಯಿಂಗ್ ಓದಿ ಯಾರು ಉದ್ಧಾರವಾಗಿದ್ದಾರೆ ಎಂದು ನೀವು ಕೇಳುವುದುಂಟು. ಮೈಸೂರಿನ ಒಂದು ಸ್ಕೂಲಿನಲ್ಲಿ ಮೇಷ್ಟ್ರು ಎಲೆ ಬರೆಯಿರಿ ಎಂದಾಗ ಒಬ್ಬ ಹುಡುಗ ಅರಳಿ ಎಲೆ ಬರೆದ. ಮೇಷ್ಟ್ರು ಮೆಚ್ಚಿದರು. ಆ ಹುಡುಗ ಆರ್.ಕೆ. ಲಕ್ಷ್ಮಣ್. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ. ಆದರೆ ಆ ಮೇಷ್ಟ್ರ ಮೆಚ್ಚುಗೆಯನ್ನು ಅವರು ಮುದಿವಯಸ್ಸಿನಲ್ಲೂ ನೆನೆದು ಬರೆದರು. ಎಲೆಯೊಂದನ್ನು ನೋಡಿ ‘ಚೆನ್ನಾಗಿದೆ’ ಎಂದ ಮೇಷ್ಟ್ರು ಎಲ್ಲಿ, ಬೆಲ್ಲ ನೋಡಿ ‘ಕೊಳಕು’ ಎಂದ ನಾನೆಲ್ಲಿ.

ನಮ್ಮ ನಾಡಿಗೆ ಈ ವಿದ್ಯೆ ಹೊಸದೂ ಅಲ್ಲ. ಜರ್ಮನಿಯಲ್ಲಿ ಬೌಹೌಸ್ ಎಂಬ ಶಾಲೆ ಶುರುವಾಗಿ, ಗೆರೆ, ಆಕಾರ, ಬಣ್ಣಗಳನ್ನು ಅಕ್ಷರಮಾಲೆಯಂತೆ ಬಿಡಿಸಿ ಕಲಿಸುವ ಪದ್ಧತಿಗೆ ಹೆಸರಾದದ್ದನ್ನು ಲೋಕವೆಲ್ಲ ಕೊಂಡಾಡುತ್ತದೆ. ಅದು ಶುರುವಾದದ್ದು 1919ರಲ್ಲಿ. ಅದೇ 1919ರಲ್ಲಿ ಎ.ಎನ್. ಸುಬ್ಬರಾಯರು ಬೆಂಗಳೂರಿನಲ್ಲಿ ಕಲಾಮಂದಿರ ಶುರುಮಾಡಿದರು. ಮೈಸೂರಿನಲ್ಲಿ ಚಾಮರಾಜೇಂದ್ರರ ಹೆಸರಿನ ತಾಂತ್ರಿಕ ಶಾಲೆ ಅದಕ್ಕೂ ಮೊದಲೇ ಬಡಗಿ ಕೆಲಸ, ದಂತದ ಕೆತ್ತನೆಗಳ ಜೊತೆ ಚಿತ್ರ ಕಲಿಸುತ್ತಿತ್ತು. ಈಗ ಕಾವಾ ಎಂದು ಕರೆಯುವ ಕಾಲೇಜಿನ ಬೇರು ಅದು. ಆಮೇಲೆ ಹಡಪದ ಮೇಷ್ಟ್ರ ಕೆನ್ ಕಲಾಶಾಲೆ ಬಂತು, ಚಿತ್ರಕಲಾ ಪರಿಷತ್ತು ಬಂತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಎಂದಿತು. ಕಾಗದದ ಮೇಲೆ ಎಲ್ಲವೂ ಇದೆ. ಟೈಮ್‌ಟೇಬಲ್ ಮೇಲೂ ಇದೆ. ಡಿಸೆಂಬರ್ ಬಂತೆಂದರೆ ಎಸೆಸೆಲ್ಸಿ ಎಂದು ಆ ಪೀರಿಯಡ್ಡಿನಲ್ಲಿ ಬೇರೆ ಮೇಷ್ಟ್ರು ಬಂದು ಕೂರುತ್ತಾರೆ.

ಆದ್ದರಿಂದ ಬೇಡಿಕೆ ಇಷ್ಟೇ. ಮುಂದಿನ ಸಲ ಮಗು ಬಂದು ‘ಪ್ರಾಜೆಕ್ಟ್ ಐತೆ, ದುಡ್ಡು ಕೊಡಿ’ ಎಂದರೆ ಮಂಡ್ಯದ ಬಸ್ಸು ಹತ್ತಿಸಬೇಡಿ. ಹನಕೆರೆ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ಅರ್ಧಗಂಟೆ ಕೂರಿಸಿ. ದೂರದಲ್ಲಿ ಹಳಿಗಳು ಹತ್ತಿರ ಹತ್ತಿರ ಬಂದು ಕೂಡಿಕೊಂಡಂತೆ ಕಾಣುತ್ತವಲ್ಲ, ಕಂಬಗಳು ಕುಳ್ಳಾಗುತ್ತ ಹೋಗುತ್ತವಲ್ಲ, ಅದನ್ನು ಬರೆಯಲಿ. ಏಣಿ ತರ ಬರೆದರೆ ನಗಬೇಡಿ. ಹಳಿಗಳು ಕೂಡುವುದಿಲ್ಲ ಎಂದು ಅದಕ್ಕೆ ಗೊತ್ತಿದೆ, ಗೊತ್ತಿದ್ದದ್ದನ್ನು ಬರೆದಿದೆ. ಇನ್ನೆರಡು ಸಲ ಕೂರಿಸಿ, ಕಂಡದ್ದನ್ನು ಬರೆಯುತ್ತದೆ. ಆಲೆಮನೆಗೆ ಕಳಿಸಿ. ಎತ್ತಿನ ಮುಂದೆ ನಿಲ್ಲಿಸಿ. ಯಾವಾಗಲಾದರೂ ಬೆಂಗಳೂರಿಗೆ ಹೋಗುವಾಗ ರಾಮನಗರದ ಜಾನಪದ ಲೋಕದಲ್ಲಿ ಇಳಿಯಿರಿ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ನಾಗಮಂಗಲದ ಕಡೆಯವರೇ. ಅಲ್ಲಿಟ್ಟಿರುವ ನೊಗ, ಕೂರಿಗೆ, ಒನಕೆಗಳನ್ನು ನೋಡಿ ‘ಇದು ನಮ್ಮನೇಲಿ ಇತ್ತು’ ಎಂದು ನೀವೇ ಮಗುವಿಗೆ ಹೇಳಿ. ಯಾಕೆ ಹಿಡಿ ಅಲ್ಲಿ ಸವೆದಿದೆ, ಯಾಕೆ ಇಲ್ಲಿ ದಪ್ಪ ಎಂದು ಹೇಳಲು ನಿಮಗಿಂತ ಒಳ್ಳೆ ಮೇಷ್ಟ್ರು ಸಿಗುವುದಿಲ್ಲ.

ಪೋಷಕರ ಸಭೆಯಲ್ಲಿ ಡ್ರಾಯಿಂಗ್ ಪೀರಿಯಡ್ ಯಾಕೆ ನಡೆಯಲಿಲ್ಲ ಎಂದು ಒಬ್ಬರಾದರೂ ಕೇಳಿ. ನನ್ನ ಇಡೀ ನೌಕರಿಯಲ್ಲಿ ಆ ಪ್ರಶ್ನೆಯನ್ನು ಒಬ್ಬರೂ ಕೇಳಿದ್ದಿಲ್ಲ. ಮಗುವಿನ ಹಾಳೆ ಸೋರಿದರೆ, ಸೊಟ್ಟಗಾದರೆ, ಅಂಟಿದರೆ, ‘ಇದೇನು’ ಎಂದು ಕೇಳಿ ಸುಮ್ಮನಿರಿ. ನಾನು ಮಾಡಿದಂತೆ ಉತ್ತರವನ್ನು ಪೂರ್ತಿ ಕೇಳದೆ ನಕ್ಕು ಮುಂದೆ ಹೋಗಬೇಡಿ.

ಕೊನೆಯದಾಗಿ ಒಂದು ಸ್ವಂತದ ಕೆಲಸ. ಆ ಬೆಲ್ಲದ ಹಾಳೆ ನನ್ನ ಮನೆಯಲ್ಲಿದೆ. ಹುಡುಗನ ಹೆಸರು ಇಲ್ಲಿ ಬರೆಯುವುದಿಲ್ಲ, ಅವನ ಅಪ್ಪನಿಗೆ ಗೊತ್ತಾಗಿರುತ್ತದೆ. ಅದಕ್ಕೆ ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿ ಸ್ಕೂಲಿಗೆ ಕೊಡಬೇಕೆಂದಿದ್ದೇನೆ, ಆದರೆ ಅವನನ್ನು ಕೇಳದೆ ಮಾಡಬಾರದು. ದಯವಿಟ್ಟು ಈ ಭಾನುವಾರ ಇಬ್ಬರೂ ಬನ್ನಿ. ಬೇಗ ಬನ್ನಿ. ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಟ್ಟಿದ್ದರೂ ಹೇಗೋ ದಾಟಿ ಇರುವೆ ಹತ್ತಿದೆ. ನಾಲ್ಕನೇ ಚೌಕದ, ಬೆಂಡೆ ಲೋಳೆಯದರ, ಒಂದು ಮೂಲೆಯನ್ನು ಆಗಲೇ ತಿಂದು ಹಾಕಿವೆ. ಹೈಡ್ರೋಸ್ ಜಾಸ್ತಿ ಎಂದು ಬರೆದ ಮೊದಲನೇ ಚೌಕವನ್ನು ಇನ್ನೂ ಮುಟ್ಟಿಲ್ಲ.

ಇಂತಿ,
ನಿಮ್ಮ ಹಳೇ ಡ್ರಾಯಿಂಗ್ ಮೇಷ್ಟ್ರು